ಕ್ರಯ ಮಾಡಿಕೊಡೆನೆಂದ ಮೇಲೆ

2019ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮ ಕಚೇರಿಗೆ ಬಂದರು. ಧಾರವಾಡ ಜಿಲ್ಲೆಯ ಹಳ್ಳಿಯವರು. ಕೈಯಲ್ಲೊಂದು ಬಟ್ಟೆಯ ಚೀಲ, ಅದರೊಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಕರಾರುಪತ್ರ. 1972ರ ಬರಗಾಲದಲ್ಲಿ ಅವರ ತಂದೆಯವರು ಎರಡು ಎಕರೆ ಹೊಲವನ್ನು ಮಾರಿದ್ದರು. ಕೊಂಡವರ ಮಗನಿಂದ ಅದೇ ಹೊಲವನ್ನು ಮರಳಿ ಪಡೆಯಬೇಕೆಂಬುದು ಇವರ ಬಹುಕಾಲದ ಆಸೆ. 2016ರ ಫೆಬ್ರವರಿಯಲ್ಲಿ 14 ಲಕ್ಷ ರೂಪಾಯಿಗೆ ಮಾತು ಮುಗಿಯಿತು. 50 ಸಾವಿರ ಸಂಚಕಾರ, ಅದರ ಮೇಲೆ ಮೂರೂವರೆ ಲಕ್ಷ ಮುಂಗಡ. ಆಗಸ್ಟ್ ಕೊನೆಯೊಳಗೆ ಉಳಿದ ಹಣ ಕೊಟ್ಟು ಖರೀದಿಪತ್ರ ಮಾಡಿಸಿಕೊಳ್ಳತಕ್ಕದ್ದೆಂದು ಬರೆದು, ಇಬ್ಬರೂ ಸಹಿ ಹಾಕಿದ್ದರು.

ಜೂನ್ ತಿಂಗಳಲ್ಲಿ ಹೊಲದ ಪಕ್ಕದಲ್ಲಿ ಹೊಸ ರಸ್ತೆ ಬರುವುದೆಂಬ ಸುದ್ದಿ ಹಬ್ಬಿತು. ಮಾರುವವನು ತಾನಾಗಿಯೇ ಮನೆಗೆ ಬಂದು, “ಮಾಸ್ತರ, ಅವಾಗಿನ ರೇಟ್ ಬ್ಯಾರೆ, ಈಗಿನ ರೇಟ್ ಬ್ಯಾರೆ. ನಾ ಖರೀದಿ ಮಾಡಿಕೊಡೂದಿಲ್ಲ, ನಿಮ್ಮ ರೊಕ್ಕ ನೀವು ತಗೋರಿ” ಎಂದು ಹೇಳಿಹೋದನು. ಮಾಸ್ತರರು ರೊಕ್ಕ ತೆಗೆದುಕೊಳ್ಳಲಿಲ್ಲ. ನ್ಯಾಯಾಲಯಕ್ಕೂ ಹೋಗಲಿಲ್ಲ. ಊರ ಹಿರಿಯರನ್ನು ಕೂಡಿಸಿದರು. ಮುಂದಿನ ಸುಗ್ಗಿಗೆ ಎಂದರು, ಜಾತ್ರೆಯಾಗಲಿ ಎಂದರು, ಮಗಳ ಮದುವೆ ಮುಗಿಯಲಿ ಎಂದರು. ಹೀಗೆ ಮೂರು ವರ್ಷ ಮೂರು ತಿಂಗಳು ಸಂದವು. ನಮ್ಮೆದುರು ಕುಳಿತು ಅವರು ಕೇಳಿದ್ದು ಒಂದೇ ಮಾತು: “ನಾ ತಪ್ಪಿಲ್ಲಲ್ರಿ ವಕೀಲ್ರ, ತಪ್ಪಿದಾಂವ ಅವ. ಅಂದಮ್ಯಾಲ ಹೊಲ ನಂದಽ ಅಲ್ಲೇನ್ರಿ?”

ಅವರು ತಪ್ಪಿರಲಿಲ್ಲವೆಂಬುದು ನಿಜ. ಆದರೆ ಹೊಲ ಅವರದಾಗುವ ಹೊತ್ತು ಆಗಲೇ ಮೀರಿತ್ತು. ಇಂತಹ ಪ್ರಸಂಗಗಳು ನಮ್ಮ ಮನೆತನಗಳಲ್ಲಿ ಅಪರೂಪವಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಾಚಕ ಬಂಧುಗಳ ಮುಂದಿಡಬಯಸುತ್ತೇವೆ: ಮಾರುವವನಾಗಲಿ ಕೊಳ್ಳುವವನಾಗಲಿ, ಕರಾರಿನಂತೆ ನಡೆಯುವುದಿಲ್ಲವೆಂದು ಬಾಯಿಬಿಟ್ಟು ಹೇಳಿದ ದಿನ ಎದುರಿನವನ ಪಾಲಿಗೆ ಏನು ಹುಟ್ಟುತ್ತದೆ, ಆತನು ಏನು ಮಾಡತಕ್ಕದ್ದು?

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಇಸಾರ ಪತ್ರವಾಯಿತೆಂದರೆ ಭೂಮಿ ನಮ್ಮದಾಯಿತೆಂದು ಬಹುಮಂದಿ ನಂಬಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಂ ಸ್ಪಷ್ಟವಾಗಿದೆ. ಮಾರಾಟದ ಕರಾರು ತಾನಾಗಿಯೇ ಆ ಭೂಮಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಅದು ಕೊಡುವುದು ಖರೀದಿಪತ್ರವನ್ನು ಮಾಡಿಸಿಕೊಳ್ಳುವ ಹಕ್ಕನ್ನು ಮಾತ್ರ. ಕರಾರು, ಮುಖತ್ಯಾರಪತ್ರ, ಮರಣಶಾಸನ ಈ ಮೂರನ್ನೂ ಒಟ್ಟಿಗೆ ಬರೆಸಿಕೊಂಡು ಒಡೆಯರಾದೆವೆಂದು ಕುಳಿತವರಿಗೆ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಿಂದ ಒಡೆತನ ಬಾರದೆಂದು ಹೇಳಿತು. ಆದ್ದರಿಂದ ಕೊಳ್ಳುವವನ ಕೈಯಲ್ಲಿರುವುದು ಭೂಮಿಯಲ್ಲ, ಒಂದು ವಚನ. ಆ ವಚನ ಮುರಿದಾಗ ಏನಾಗುವುದೆಂಬುದನ್ನು 1872ರ ಕರಾರು ಕಾಯಿದೆಯಲ್ಲಿ ಹುಡುಕಬೇಕು.

ಆ ಕಾಯಿದೆಯ 39ನೆಯ ಕಲಮಿನ ತಾತ್ಪರ್ಯವಿದು: ಒಬ್ಬನು ತನ್ನ ವಚನವನ್ನು ಪೂರ್ತಿಯಾಗಿ ನಡೆಸಲು ನಿರಾಕರಿಸಿದರೆ, ಅಥವಾ ನಡೆಸಲಾಗದಂತೆ ತನ್ನನ್ನು ತಾನೇ ಅಸಮರ್ಥನನ್ನಾಗಿ ಮಾಡಿಕೊಂಡರೆ, ಎದುರಿನವನು ಆ ಕರಾರನ್ನು ಕೊನೆಗಾಣಿಸಬಹುದು, ಆದರೆ ಮಾತಿನಿಂದಾಗಲಿ ನಡತೆಯಿಂದಾಗಲಿ ಅದರ ಮುಂದುವರಿಕೆಗೆ ಆತನು ಒಪ್ಪಿಗೆ ತೋರಿದ್ದರೆ ಕೊನೆಗಾಣಿಸಲಾಗದು. ಇದಕ್ಕೆ ಕಾಯಿದೆಯು ಕೊಡುವ ಉದಾಹರಣೆ ಒಬ್ಬ ಗಾಯಕಿಯದು. ನಾಟಕಶಾಲೆಯಲ್ಲಿ ವಾರಕ್ಕೆ ಎರಡು ರಾತ್ರಿಯಂತೆ ಎರಡು ತಿಂಗಳು ಹಾಡಲು ಒಪ್ಪಿದವಳು ಆರನೆಯ ರಾತ್ರಿ ಬೇಕೆಂದೇ ಬಾರದೆ ಹೋದಳು. ವ್ಯವಸ್ಥಾಪಕನು ಆಗ ಕರಾರನ್ನು ಮುಗಿಸಬಹುದು. ಆದರೆ ಏಳನೆಯ ರಾತ್ರಿ ಅವನ ಒಪ್ಪಿಗೆಯಿಂದಲೇ ಅವಳು ಹಾಡಿದಳೆನ್ನಿ. ಇನ್ನು ಅವನು ಮುಗಿಸುವಂತಿಲ್ಲ, ಆರನೆಯ ರಾತ್ರಿಯ ನಷ್ಟವನ್ನು ಮಾತ್ರ ಕೇಳಬಹುದು. ಏಳನೆಯ ರಾತ್ರಿ ಅವಳು ಹಾಡಿದಾಗ ವ್ಯವಸ್ಥಾಪಕನು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲವೆಂಬುದನ್ನು ಗಮನಿಸಬೇಕು. ಸುಮ್ಮನೆ ಹಾಡಗೊಟ್ಟನು, ಅಷ್ಟೇ. ಕಾನೂನು ಅದನ್ನೇ ಅವನ ಉತ್ತರವೆಂದು ಎಣಿಸಿತು.

ಭೂಮಿಯ ವಿಷಯದಲ್ಲಿ ಯಾವುದು ನಿರಾಕರಣೆ, ಯಾವುದಲ್ಲ? “ಮಳೆಗಾಲ ಕಳೆಯಲಿ, ಆಮೇಲೆ ನೋಂದಣಿ ಕಚೇರಿಗೆ ಹೋಗೋಣ” ಎಂಬುದು ವಿಳಂಬ, ನಿರಾಕರಣೆಯಲ್ಲ. “ಇನ್ನು ಎರಡು ಲಕ್ಷ ಹೆಚ್ಚಿಗೆ ಕೊಟ್ಟರೆ ಸಹಿ, ಇಲ್ಲವಾದರೆ ಇಲ್ಲ” ಎಂಬುದು ನಿರಾಕರಣೆ, ಏಕೆಂದರೆ ಕರಾರಿನಲ್ಲಿಲ್ಲದ ಬೆಲೆಯನ್ನು ಆತನು ಕೇಳುತ್ತಿದ್ದಾನೆ. ಅದೇ ಹೊಲವನ್ನು ಇನ್ನೊಬ್ಬನಿಗೆ ಖರೀದಿ ಮಾಡಿಕೊಡುವುದು ತನ್ನನ್ನು ತಾನು ಅಸಮರ್ಥನನ್ನಾಗಿ ಮಾಡಿಕೊಳ್ಳುವ ಬಗೆ. ಹಾಗಾದಾಗಲೂ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಎರಡನೆಯವನು ಮೊದಲಿನ ಕರಾರಿನ ಅರಿವಿಲ್ಲದೆ ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡಿದ್ದರೆ ಮಾತ್ರ ಆತನಿಗೆ ರಕ್ಷಣೆಯುಂಟು. ಅರಿವಿದ್ದು ಕೊಂಡವನ ಮೇಲೂ ಮೊದಲಿನವನು ಕರಾರಿನ ಪಾಲನೆಗೆ ದಾವೆ ಹೂಡಬಹುದು. ಕರಾರನ್ನು ನೋಂದಾಯಿಸಿದ್ದರೆ “ನನಗೆ ಗೊತ್ತಿರಲಿಲ್ಲ” ಎಂಬ ಮಾತಿಗೆ ಎಡೆಯಿಲ್ಲ. ಬಿಳಿಯ ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿಡುವವರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ.

ಮುದ್ದತ್ತು ಇನ್ನೂ ಮುಗಿದಿಲ್ಲ, ಆದರೆ ಎದುರಿನವನು ಈಗಲೇ ಒಲ್ಲೆನೆಂದನು. ಮುದ್ದತ್ತಿನ ದಿನದವರೆಗೆ ಕೈಕಟ್ಟಿ ಕೂರಬೇಕೆ? ಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1853ರಲ್ಲಿ ತೀರ್ಮಾನವಾದ ಹಾಕ್‌ಸ್ಟರ್ ಮೊಕದ್ದಮೆಯಲ್ಲಿ, ಜೂನ್ 1ರಿಂದ ಪ್ರವಾಸದಲ್ಲಿ ಜತೆಗಿರಲು ನೇಮಿಸಿಕೊಂಡವನನ್ನು ಮೇ ತಿಂಗಳಲ್ಲೇ ಬೇಡವೆನ್ನಲಾಯಿತು. ಅವನು ಜೂನ್‌ವರೆಗೆ ಕಾಯದೆ ಹೂಡಿದ ದಾವೆ ನಿಂತಿತು. ನಮ್ಮ ಮಾಸ್ತರರಿಗೆ ಜೂನ್‌ನಲ್ಲಿ ನಿರಾಕರಣೆ ಬಂದಿತ್ತು, ಮುದ್ದತ್ತು ಆಗಸ್ಟ್‌ವರೆಗೆ ಇತ್ತು. ಆ ಎರಡು ತಿಂಗಳೂ ಅವರ ಕೈಯಲ್ಲಿದ್ದವು.

ನಿರಾಕರಣೆ ಬಂದೊಡನೆ ಕರಾರು ತಾನಾಗಿ ಸಾಯುವುದಿಲ್ಲ. ಇದು ಈ ವಿಷಯದ ತಿರುಳು. ತಪ್ಪಿದವನು ತನ್ನ ತಪ್ಪಿನಿಂದಲೇ ಕರಾರನ್ನು ಕೊಲ್ಲಲಾರ; ಅದನ್ನು ಉಳಿಸುವುದೋ ಮುಗಿಸುವುದೋ ತಪ್ಪದವನ ಆಯ್ಕೆ. ಮುಗಿಸುವುದಾದರೆ ಕೊಟ್ಟ ಹಣವನ್ನೂ, ಕರಾರಿನ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವನ್ನು ನೋಡಿ ನಷ್ಟಪರಿಹಾರವನ್ನೂ ಕೇಳಬಹುದು. ಉಳಿಸುವುದಾದರೆ “ನಾನು ಸಿದ್ಧನಿದ್ದೇನೆ, ನೀನು ಖರೀದಿ ಮಾಡಿಕೊಡು” ಎಂದು ನ್ಯಾಯಾಲಯದಲ್ಲಿ ಕರಾರಿನ ನಿರ್ದಿಷ್ಟ ಪಾಲನೆಯನ್ನು ಕೇಳಬೇಕು. ಹಿಂದೆ ಇದನ್ನು ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಕಾಯಿದೆಯ ಷರತ್ತುಗಳು ಪೂರೈಸಿದ್ದರೆ ಪಾಲನೆಯನ್ನು ಕೊಡಲೇಬೇಕೆಂದು ಮಾಡಿದೆ. ಕೊಳ್ಳುವವರಿಗೆ ಇದು ದೊಡ್ಡ ಬಲ.

ಆದರೆ ಎರಡು ದೋಣಿಯಲ್ಲಿ ಕಾಲಿಡಲು ಬಾರದು. ನಮ್ಮ ಅನುಭವದಲ್ಲಿ ಜನ ಎಡವುವುದು ಇಲ್ಲಿಯೇ. ಮಾರುವವನು ಕರಾರು ರದ್ದಾಯಿತೆಂಬ ನೋಟೀಸಿನೊಡನೆ ಮುಂಗಡದ ಹಣಕ್ಕೆ ಚೆಕ್ಕನ್ನೋ ಡ್ರಾಫ್ಟನ್ನೋ ಲಗತ್ತಿಸಿ ಅಂಚೆಯಲ್ಲಿ ಕಳುಹಿಸುತ್ತಾನೆ. ಮನೆಯವರು, “ನಮ್ಮ ಹಣ ತಾನೆ, ಮೊದಲು ಬ್ಯಾಂಕಿಗೆ ಹಾಕೋಣ, ಹೊಲದ ಮಾತು ಆಮೇಲೆ” ಎನ್ನುತ್ತಾರೆ. ಬಿಹಾರದ ಸಂಗೀತಾ ಸಿನ್ಹಾ ಪ್ರಕರಣದಲ್ಲಿ ಇದೇ ಆಯಿತು. ಮಾರುವವರು 2008ರಲ್ಲಿ ರದ್ದತಿಯ ಪತ್ರದೊಡನೆ ಡ್ರಾಫ್ಟುಗಳನ್ನು ಕಳುಹಿಸಿದ್ದರು. ಕೊಳ್ಳುವವರು ದಾವೆಯನ್ನೂ ಹೂಡಿದರು, ಡ್ರಾಫ್ಟುಗಳನ್ನೂ ನಗದು ಮಾಡಿಸಿಕೊಂಡರು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣ ಪಡೆದ ಮೇಲೆ ಕರಾರು ಮುಗಿಯಿತೆಂಬುದನ್ನು ಒಪ್ಪಿದಂತಾಯಿತೆಂದು ಅವರ ಕೈಬಿಟ್ಟಿತು. ಹದಿನೇಳು ವರ್ಷಗಳ ಹೋರಾಟ ಬ್ಯಾಂಕಿನ ಒಂದು ಚೀಟಿಯಿಂದ ಮಣ್ಣುಪಾಲಾಯಿತು. ಹೊಲವೇ ಬೇಕೆಂದಿದ್ದರೆ ಚೆಕ್ಕನ್ನು ಅದೇ ವಾರ, ಒಪ್ಪಲಾರೆವೆಂಬ ಪತ್ರದೊಡನೆ, ಅಂಚೆಯ ರಸೀದಿ ಇಟ್ಟುಕೊಂಡು ಹಿಂದಿರುಗಿಸತಕ್ಕದ್ದು. ಹಣವೇ ಸಾಕೆನಿಸಿದರೆ ಧಾರಾಳವಾಗಿ ಪಡೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ರದ್ದತಿಯ ನೋಟೀಸಿನ ಬಗ್ಗೆ ಇನ್ನೊಂದು ಎಚ್ಚರಿಕೆಯುಂಟು. ಕರ್ನಾಟಕದಿಂದ ಹೋದ ಐ.ಎಸ್. ಸಿಕಂದರ್ ಪ್ರಕರಣದಲ್ಲಿ 2013ರಲ್ಲಿ, ಮಾರುವವನು ದಾವೆಗೆ ಮೊದಲೇ ಕರಾರನ್ನು ರದ್ದು ಮಾಡಿದ್ದರೆ ಆ ರದ್ದತಿ ಕಾನೂನುಬಾಹಿರವೆಂದು ಘೋಷಿಸುವಂತೆ ಕೇಳದೆ ಬರಿಯ ಪಾಲನೆಯ ದಾವೆ ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಎಲ್ಲ ಬಗೆಯ ರದ್ದತಿಗೂ ಈ ಮಾತು ಅನ್ವಯಿಸದೆಂಬ ತೀರ್ಪುಗಳು ಆಮೇಲೆ ಬಂದಿವೆ. ಆದರೂ ದಾವೆಯಲ್ಲಿ ಅದೊಂದು ಬೇಡಿಕೆಯನ್ನು ಸೇರಿಸಲು ಖರ್ಚಾಗುವುದು ನಾಲ್ಕು ಸಾಲು. ಬಿಟ್ಟರೆ ಹೋಗುವುದು ಭೂಮಿ. ಸೋತರೆ ಕೊಟ್ಟ ಹಣವಾದರೂ ಬರಲೆಂಬ ಬೇಡಿಕೆಯನ್ನೂ ಪ್ರತ್ಯೇಕವಾಗಿ ಬರೆಯಿಸಬೇಕು. ಅದನ್ನು ಕೇಳದೆ ಹೋದ ಕಾರಣ ಮುಂಗಡವನ್ನು ಕಳೆದುಕೊಂಡ ಕೊಳ್ಳುಗರ ಕಥೆ 2022ರ ಡಿಸೆಂಬರ್‌ನ ದೇಶರಾಜ್ ಪ್ರಕರಣದಲ್ಲಿದೆ.

ಪಾಲನೆಯನ್ನು ಕೇಳುವವನು ತಾನು ಮೊದಲಿನಿಂದ ಕೊನೆಯವರೆಗೆ ಸಿದ್ಧನೂ ಸಮ್ಮತನೂ ಆಗಿದ್ದೆನೆಂದು ರುಜುವಾತು ಮಾಡಬೇಕು. ಸಿದ್ಧತೆಯೆಂದರೆ ಹಣದ ಅನುಕೂಲ, ಸಮ್ಮತಿಯೆಂದರೆ ನಡತೆ. ನೋಟುಗಳ ಕಟ್ಟನ್ನು ಮಾರುವವನ ಮುಂದೆ ಸುರಿಯಬೇಕೆಂದೇನೂ ಇಲ್ಲ. ನ್ಯಾಯಾಲಯ ಹೇಳದ ಹೊರತು ಹಣ ತಂದಿಡುವುದು ಅಗತ್ಯವಲ್ಲವೆಂದು ಕಾಯಿದೆಯೇ ಹೇಳುತ್ತದೆ. ಆದರೆ ಪಾಸ್‌ಬುಕ್ಕಿನಲ್ಲಿ, ಸಾಲದ ಮಂಜೂರಾತಿಯಲ್ಲಿ, ಬೆಳೆ ಮಾರಿದ ಪಟ್ಟಿಯಲ್ಲಿ ಅದು ಕಾಣಬೇಕು. ಎದುರಿನವನು ತಪ್ಪಿದನೆಂದು ನಾವೂ ಇಟ್ಟ ಹಣವನ್ನು ತೆಗೆದು ಬೇರೆಡೆ ಮನೆ ಕಟ್ಟಿಸಿದರೆ, ಐದು ವರ್ಷಗಳ ತರುವಾಯ ಪಾಟೀ ಸವಾಲಿನಲ್ಲಿ ಉತ್ತರ ಹೇಳುವುದು ಕಷ್ಟ.

ಇನ್ನು ಕಾಲದ ಮಾತು. ಭೂಮಿಯ ಮಾರಾಟದಲ್ಲಿ ಮುದ್ದತ್ತೇ ಕರಾರಿನ ಜೀವವೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಇದನ್ನು ನಂಬಿ ಮಲಗುವಂತಿಲ್ಲ. ಚಾಂದ್ ರಾಣಿ ಪ್ರಕರಣದಲ್ಲಿ 30,000 ರೂಪಾಯಿ ಸಂಚಕಾರದ ತರುವಾಯ 98,000 ರೂಪಾಯಿಯನ್ನು ಹತ್ತು ದಿನಗಳಲ್ಲಿ ಮಾತ್ರ ಕೊಡತಕ್ಕದ್ದೆಂದು ಬರೆದಿತ್ತು. ಕೊಳ್ಳುವವರು ಮಾರುವವರೇ ಮೊದಲು ಬೇರೆ ಷರತ್ತುಗಳನ್ನು ಪೂರೈಸಲೆಂದು ಹಣವನ್ನು ತಡೆಹಿಡಿದರು. 1992ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಆ ಹತ್ತು ದಿನ ಕರಾರಿನ ಜೀವವೇ ಆಗಿತ್ತೆಂದು ತೀರ್ಮಾನಿಸಿತು. ಸತ್ಯ ತನ್ನ ಕಡೆಗಿದೆಯೆಂದು ನಂಬಿ ಹಣ ತಡೆಹಿಡಿದವರೇ ಅಲ್ಲಿ ತಪ್ಪಿದವರಾದರು. 1997ರ ವಿದ್ಯಾನಾಥಂ ಪ್ರಕರಣದಲ್ಲಿ 60,000 ರೂಪಾಯಿಯ ಮನೆಗೆ 5,000 ಕೊಟ್ಟು, ಆರು ತಿಂಗಳ ಮುದ್ದತ್ತು ಮುಗಿದರೂ ಎರಡೂವರೆ ವರ್ಷ ಸುಮ್ಮನಿದ್ದವನಿಗೆ, ಬೆಲೆಗಳು ಏರಿದ ಮೇಲೆ ಮನೆ ಸಿಗಲಿಲ್ಲ.

ಇದರ ಮೇಲೆ 1963ರ ಕಾಲಪರಿಮಿತಿ ಕಾಯಿದೆಯ 54ನೆಯ ಅನುಚ್ಛೇದವಿದೆ. ಪಾಲನೆಯ ದಾವೆಗೆ ಮೂರು ವರ್ಷ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ. ಗೊತ್ತುಮಾಡಿಲ್ಲವಾದರೆ, ಎದುರಿನವನು ನಿರಾಕರಿಸಿದನೆಂದು ತಿಳಿದ ದಿನದಿಂದ. ದಿನ ಬರೆಯದ ಕರಾರು ಹೊಂದಿದವರಿಗೆ, ಕಟ್ಟೆಯ ಮೇಲೆ ಕುಳಿತು ಯಾರೋ ಸಿಟ್ಟಿನಲ್ಲಿ ಆಡಿದ “ಕೊಡೂದಿಲ್ಲ” ಎಂಬ ಮಾತಿನಿಂದಲೇ ಲೆಕ್ಕ ಶುರುವಾಗಬಹುದು. ಹಿರಿಯರ ಪಂಚಾಯಿತಿ ನಡೆದಿದೆ, ಮಾತುಕತೆ ಆಗುತ್ತಿದೆ ಎಂಬುದು ಆ ಲೆಕ್ಕವನ್ನು ನಿಲ್ಲಿಸುವುದಿಲ್ಲ. ಹಿರಿಯರ ಮಾತಿಗೆ ಬೆಲೆ ಕೊಡಬೇಡಿರೆಂದು ನಾವು ಹೇಳುತ್ತಿಲ್ಲ. ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ಮುಗಿಯಬೇಕು, ಮುಗಿದಿವೆ ಕೂಡ. ಆದರೆ ಸಭೆಯಿಂದ ಏಳುವ ಮೊದಲು, ಮುದ್ದತ್ತನ್ನು ಇಂತಹ ದಿನದವರೆಗೆ ಮುಂದೂಡಿದ್ದೇವೆಂದು ಕರಾರಿನ ಬೆನ್ನಿಗೇ ಬರೆದು ಇಬ್ಬರ ಸಹಿ ಪಡೆಯಲಿ. ಸಹಿ ಮಾಡಲು ಹಿಂಜರಿಯುವವನ ಮನಸ್ಸು ಏನೆಂಬುದೂ ಆಗಲೇ ತಿಳಿಯುತ್ತದೆ.

ಇಲ್ಲಿಯವರೆಗೆ ಕೊಳ್ಳುವವರ ಪಕ್ಷವನ್ನು ಹೇಳಿದೆವು. ನಮ್ಮ ವಾಚಕರಲ್ಲಿ ಮಾರುವವರೂ ಇದ್ದಾರೆ. ಮಗನ ಓದಿಗೋ ಶಸ್ತ್ರಚಿಕಿತ್ಸೆಗೋ ಹೊಲ ಮಾರಲು ಹೊರಟು, ಕೊಳ್ಳುವವನು ಮುಂಗಡ ಕೊಟ್ಟು ವರ್ಷಗಟ್ಟಲೆ ಸತಾಯಿಸಿದಾಗ ನರಳುವವರು ಅವರು. ಅವರು ಇಷ್ಟು ದಿನದೊಳಗೆ ಬಾಕಿ ಕೊಡದಿದ್ದರೆ ಕರಾರು ಮುಗಿಯುವುದೆಂದು, ನ್ಯಾಯವೆನಿಸುವಷ್ಟು ಅವಧಿ ಕೊಟ್ಟು ಲಿಖಿತ ನೋಟೀಸು ನೀಡಬೇಕು. ಆಗಲೂ ಕೊಳ್ಳುವವನು ಬಾರದಿದ್ದರೆ ಅದು ಅವನ ನಿರಾಕರಣೆಯಾಗುತ್ತದೆ. ಆದರೆ ಪಡೆದದ್ದನ್ನೆಲ್ಲ ಜಪ್ತಿ ಮಾಡಿಕೊಳ್ಳಬಹುದೆಂದು ತಿಳಿಯಬಾರದು. ಫತೇಚಂದ್ ಪ್ರಕರಣದಲ್ಲಿ ದೆಹಲಿಯ ಮನೆಯೊಂದಕ್ಕೆ 1949ರಲ್ಲಿ 1,12,500 ರೂಪಾಯಿಯ ಕರಾರಾಗಿ, 1,000 ಸಂಚಕಾರವೂ 24,000 ಮುಂಗಡವೂ ಸಂದಾಯವಾಗಿದ್ದವು. ಕೊಳ್ಳುವವನು ತಪ್ಪಿದರೆ 25,000ವೂ ಮುಟ್ಟುಗೋಲೆಂದು ಬರೆದಿತ್ತು. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಚಕಾರದ 1,000ವನ್ನು ಉಳಿಸಿಕೊಳ್ಳಲು ಬಿಟ್ಟು, ನಷ್ಟ ತೋರಿಸದ ಕಾರಣ 24,000ದ ಮುಟ್ಟುಗೋಲನ್ನು ಒಪ್ಪಲಿಲ್ಲ. ಸಂಚಕಾರ ಬೇರೆ, ಬೆಲೆಯ ಭಾಗವಾಗಿ ಕೊಟ್ಟ ಮುಂಗಡ ಬೇರೆ. ಕರಾರು ಬರೆಸುವಾಗ ಯಾವುದು ಎಷ್ಟೆಂದು ಬಿಡಿಸಿ ಬರೆಸಿದರೆ ಇಬ್ಬರಿಗೂ ಒಳಿತು.

ಮಾರುವವರು ಹಿಂಜರಿದಾಗ ಬಹುಸಲ ಕೇಳಿಬರುವ ಕಾರಣವೆಂದರೆ, “ತಂಗಿಯರು ಸಹಿ ಹಾಕಲು ಒಪ್ಪುತ್ತಿಲ್ಲ” ಎಂಬುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಾನು ಯಾರಿಗೆ ಅನ್ವಯವೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ಹೇಳಿದೆ. ಆದ್ದರಿಂದ 2005ರ ತಿದ್ದುಪಡಿಯಂತೆ ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂಬುದು ನಮ್ಮ ಮನೆಗಳಿಗೂ ಸಲ್ಲುತ್ತದೆ. ಅಣ್ಣನೊಬ್ಬನೇ ಇಡೀ ಹೊಲಕ್ಕೆ ಕರಾರು ಬರೆದುಕೊಟ್ಟು, ಆಮೇಲೆ ತಂಗಿಯರ ನೆಪ ಹೇಳಿದರೆ ತಪ್ಪು ತಂಗಿಯರದಲ್ಲ. ಕೊಳ್ಳುವವನಿಗೆ ಅಂತಹವನ ಹಿಸ್ಸೆಯ ಮಟ್ಟಿಗೆ ಕರಾರಿನ ಪಾಲನೆ ಕೇಳುವ ದಾರಿಯುಂಟು. ಆದರೆ ಯಾರದೋ ಒಟ್ಟು ಕುಟುಂಬದಲ್ಲಿ ಪಾಲುದಾರನಾಗಿ ನಿಲ್ಲುವುದು ಯಾರಿಗೂ ಸುಖವಲ್ಲ. ವಂಶವೃಕ್ಷ ನೋಡದೆ ಸಂಚಕಾರ ಕೊಡಬೇಡಿ.

ನಮ್ಮ ಮಾಸ್ತರರ ಕರಾರಿನಲ್ಲಿ ದಿನ ಗೊತ್ತಾಗಿತ್ತು: 2016ರ ಆಗಸ್ಟ್ 31. ಹೊಲವನ್ನು ಕೇಳುವ ಕಾಲ 2019ರ ಆಗಸ್ಟ್ ಕೊನೆಗೇ ತೀರಿತ್ತು. ಇದನ್ನು ತಿಳಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಂದು ಬಾಗಿಲು ಮಾತ್ರ ತೆರೆದಿತ್ತು. ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ತಾನು ತಪ್ಪದ ಕೊಳ್ಳುಗನು ಕೊಟ್ಟ ಹಣಕ್ಕೆ ಆ ಭೂಮಿಯ ಮೇಲೆಯೇ ಋಣಭಾರವಿರುತ್ತದೆ. ಋಣಭಾರದ ಹಣಕ್ಕೆ ದಾವೆಯ ಅವಧಿ ಹನ್ನೆರಡು ವರ್ಷ. ಆ ದಾರಿಯಲ್ಲಿ ದಾವೆ ಹೂಡಿದೆವು. ಹೊಲದ ಮೇಲೆ ಋಣಭಾರವಿದ್ದರೆ ಅದನ್ನು ಕೊಳ್ಳಲು ಬರುವವರು ಹಿಂಜರಿಯುವರೆಂಬುದು ಮಾರುವವನಿಗೂ ತಿಳಿಯಿತು. ಲೋಕ ಅದಾಲತ್ತಿನಲ್ಲಿ ನಾಲ್ಕು ಲಕ್ಷವನ್ನೂ ಬಡ್ಡಿಯನ್ನೂ ಕೊಟ್ಟು ಮುಗಿಸಿಕೊಂಡನು.

ಹಣ ಕೈಸೇರಿದ ದಿನ ಮಾಸ್ತರರು ಕರಾರುಪತ್ರವನ್ನು ಮರಳಿ ಕೇಳಿದರು. ಅದಕ್ಕಿನ್ನು ಬೆಲೆಯಿಲ್ಲವೆಂದೆವು. “ಬೆಲೆ ಇಲ್ಲ ಅಂತ ಗೊತ್ತೈತ್ರಿ. ಅದರಾಗ ನಮ್ಮಪ್ಪನ ಹೊಲದ ಚಕಬಂದಿ ಬರದೈತಿ” ಎಂದು, ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋದರು.